ನೀಲಿ ಪೋರ್ಟ್, ಕರಿ ಪೋರ್ಟ್: ಯುಎಸ್‌ಬಿಯ ಮೂವತ್ತು ವರ್ಷದ ಕತೆ

ಹೋದ ವಾರ ಬೀಳಗಿ ಕಡೆಯ ಒಬ್ಬ ಕೇಳುಗ ವಾಟ್ಸ್‌ಆ್ಯಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿದ್ದ. ಮದುವೆ, ಕುಬಸ, ಮನಿ ಶಾಂತಿ ಅಂತ ವಿಡಿಯೊ ಮಾಡುವ ಹುಡುಗ. ಅವನ ಮಾತು ಅವನ ಬಾಯಲ್ಲೇ ಕೇಳ್ರಿ: "ಅಣ್ಣಾ, ನಾ ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪ್ ತಗೊಂಡೀನಿ. ಮಾರಿದಾವ 3.0 ಪೋರ್ಟ್ ಐತಿ ಅಂದಾನ. ಆದ್ರ ಒಂದ್ ಮದುವಿ ವಿಡಿಯೊ, ಅರವತ್ನಾಕ್ ಜಿಬಿ, ಹಾರ್ಡ್ ಡಿಸ್ಕಿಗೆ ಹಾಕಾಕ ಅರ್ಧ ತಾಸ್ ಹಿಡೀತೈತಿ. ಪೋರ್ಟ್ ಖರೇನ 3.0 ಐತೋ, ಸುಳ್ಳ ಹೇಳಿ ಮಾರ‍್ಯಾನೋ? ಹೊಸಾ ಹಾರ್ಡ್ ಡಿಸ್ಕಿಗಂತ ಎಂಟ್ ಸಾವಿರ ಎತ್ತಿಟ್ಟೀನಿ. ದಂಡ ಆಗಬಾರ್ದು."

ಎಂಟು ಸಾವಿರ ಅಂದರೆ ಅವನಿಗೆ ಒಂದು ಸಣ್ಣ ಫಂಕ್ಷನ್ನಿನ ಪೂರ್ತಿ ದುಡಿಮೆ. ಇದಕ್ಕೆ ಒಂದು ನಿಮಿಷದಲ್ಲಿ ಉತ್ತರ ಹೇಳಿ ಮುಗಿಸಬಹುದಿತ್ತು. ಆದರೆ ನಮ್ಮದು ಇತಿಹಾಸದ ಪಾಡ್‌ಕಾಸ್ಟು, ಮತ್ತು ಈ ಪ್ರಶ್ನೆಯ ಉತ್ತರ ಇರೋದೇ ಇತಿಹಾಸದಲ್ಲಿ. ಹೊರಗಿಂದ ನೋಡಿದರೆ ಎಲ್ಲಾ ಪೋರ್ಟೂ ಒಂದೇ ಆಕಾರ. ಒಳಗೆ ಒಂದರಲ್ಲಿ ಎತ್ತಿನ ಬಂಡಿ, ಇನ್ನೊಂದರಲ್ಲಿ ರೈಲು. ಹೀಗೆ ಯಾಕಾಯಿತು?

ಮೊದಲು ಯುಎಸ್‌ಬಿ ಇಲ್ಲದ ಕಾಲಕ್ಕೆ ಹೋಗೋಣ. 1990ರ ದಶಕದ ಆರಂಭದ ಕಂಪ್ಯೂಟರಿನ ಬೆನ್ನು ನೋಡಿದರೆ ಅದು ಕಿರಾಣಿ ಅಂಗಡಿ ಇದ್ದಂಗೆ ಇತ್ತು. ಕೀಬೋರ್ಡಿಗೆ ಒಂದು ದುಂಡನೆಯ ಪೋರ್ಟು. ಮೌಸಿಗೆ ಇನ್ನೊಂದು. ಪ್ರಿಂಟರಿಗೆ ಇಪ್ಪತ್ತೈದು ತೂತಿನ ಅಗಲವಾದ ಪ್ಯಾರಲಲ್ ಪೋರ್ಟು, ಎರಡೂ ಕಡೆ ಸ್ಕ್ರೂ ತಿರುಗಿಸಿ ಬಿಗಿ ಮಾಡಬೇಕು. ಮೋಡೆಮ್ಮಿಗೆ ಒಂಬತ್ತು ಪಿನ್ನಿನ ಸೀರಿಯಲ್ ಪೋರ್ಟು. ಆಟ ಆಡುವ ಜಾಯ್‌ಸ್ಟಿಕ್ಕಿಗೆ ಮತ್ತೊಂದು. ಹೊಸ ಸಾಧನ ತಂದರೆ ಕಂಪ್ಯೂಟರ್ ಬಂದ್ ಮಾಡಬೇಕು, ಕೆಲವು ಸಲ ಡಬ್ಬಿ ಬಿಚ್ಚಿ ಕಾರ್ಡ್ ಹಾಕಬೇಕು, ಮತ್ತೆ ಚಾಲೂ ಮಾಡಬೇಕು, ಆಮೇಲೆ ಅದು ಇನ್ನೊಂದು ಸಾಧನದ ಜೊತೆ ಜಗಳಾಡಿದರೆ ಸೆಟ್ಟಿಂಗ್ ತಿದ್ದುತ್ತಾ ಕೂಡಬೇಕು.

ಆ ಸೀರಿಯಲ್ ಪೋರ್ಟು ಸತ್ತುಹೋಯಿತು ಅಂತ ತಿಳಿದಿದ್ದರೆ ಮುಧೋಳ, ಸಮೀರವಾಡಿ ಕಡೆ ಕಬ್ಬಿನ ಸೀಜನ್ನಿನಲ್ಲಿ ಒಮ್ಮೆ ಬಂದು ನೋಡ್ರಿ. ಟ್ರ್ಯಾಕ್ಟರ್ ತೂಗುವ ಕಾಟಾ, ಅಂದರೆ ವೇಬ್ರಿಡ್ಜು, ಇದೆಯಲ್ಲ. ಅಂಥ ಕಾಟಾದ ತೂಕ ತೋರಿಸುವ ಡಬ್ಬಿಯಿಂದ ಕಂಪ್ಯೂಟರಿಗೆ ಅಂಕಿ ಹೋಗುವುದು ಹೆಚ್ಚಾಗಿ ಆರ್‌ಎಸ್-232 ಅನ್ನುವ ಸೀರಿಯಲ್ ಲೈನಿನಲ್ಲಿ. ಆ ಸ್ಟ್ಯಾಂಡರ್ಡ್ ಬಂದದ್ದು 1960ರಲ್ಲಿ! ಈಗಿನ ಕಂಪ್ಯೂಟರಿಗೆ ಆ ಪೋರ್ಟು ಇರೋದಿಲ್ಲ, ಹಾಗಾಗಿ ನಡುವೆ ಯುಎಸ್‌ಬಿ ಕನ್ವರ್ಟರ್ ಕೇಬಲ್ ಹಾಕುತ್ತಾರೆ. ರೈತನ ಕಬ್ಬಿನ ಟನ್ ಲೆಕ್ಕ ಅರವತ್ತು ವರ್ಷದ ಹಳೆಯ ಭಾಷೆಯಿಂದ ಹೊಸ ಭಾಷೆಗೆ ಅನುವಾದವಾಗಿ ಬಿಲ್ಲಿಗೆ ಬರುತ್ತದೆ. ತೂಕದ ಅಂಕಿಗೆ ವೇಗ ಯಾಕೆ ಬೇಕು? ನಾಲ್ಕೈದು ಅಕ್ಷರ ಹೋದರೆ ಸಾಕು. ಈ ಮಾತು ನೆನಪಿಟ್ಟುಕೊಳ್ರಿ, ಮುಂದೆ ಬರ್ತದ.

ಈ ಗೊಂದಲಕ್ಕೆ ಒಂದೇ ಪೋರ್ಟು ಸಾಕು ಅಂದವರಲ್ಲಿ ಮುಖ್ಯ ಹೆಸರು ಅಜಯ್ ಭಟ್. 1957ರಲ್ಲಿ ಹುಟ್ಟಿದವರು, ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದವರು, ಆಮೇಲೆ ಅಮೆರಿಕಕ್ಕೆ ಹೋಗಿ 1990ರಲ್ಲಿ ಇಂಟೆಲ್ ಸೇರಿದರು. ಮನೆಯಲ್ಲಿ ಹೆಂಡತಿ, ಮಗಳು ಒಂದು ಪ್ರಿಂಟ್ ತೆಗೆಯೋಕೆ ಪಡುತ್ತಿದ್ದ ಪಾಡು ನೋಡಿ ಈ ಯೋಚನೆ ಬಂತು ಅಂತ ಸಂದರ್ಶನಗಳಲ್ಲಿ ಹೇಳಿದ್ದಾರೆ. ಗೋಡೆಯ ಪ್ಲಗ್ಗಿಗೆ ಇಸ್ತ್ರಿಪೆಟ್ಟಿಗೆನೂ ಹಾಕ್ತೀವಿ, ಮಿಕ್ಸರೂ ಹಾಕ್ತೀವಿ, ಕಂಪ್ಯೂಟರ್ ಯಾಕೆ ಹಂಗೆ ಇರಬಾರದು, ಅನ್ನೋದು ಅವರ ವಾದ.

1994ರಲ್ಲಿ ಏಳು ಕಂಪನಿಗಳು ಕೂಡಿದವು: ಕಾಂಪ್ಯಾಕ್, ಡಿಇಸಿ, ಐಬಿಎಂ, ಇಂಟೆಲ್, ಮೈಕ್ರೋಸಾಫ್ಟ್, ಎನ್‌ಇಸಿ, ನಾರ್ಟೆಲ್. ಇವುಗಳಲ್ಲಿ ಮೂರರ ಹೆಸರು ಇವತ್ತಿನ ಅಂಗಡಿಗಳಲ್ಲಿ ಕೇಳೋದೇ ಇಲ್ಲ. ಕಂಪನಿ ಮುಳುಗಿದವು, ಪೋರ್ಟು ಉಳಿಯಿತು.

ನಾನು ಬಿ.ಕಾಂ. ಓದಿದವ, ಹಾಗಾಗಿ ನನಗೆ ಇಲ್ಲಿ ಎಂಜಿನಿಯರಿಂಗಿಗಿಂತ ವ್ಯವಹಾರದ ತೀರ್ಮಾನವೇ ದೊಡ್ಡದಾಗಿ ಕಾಣ್ತದೆ. ಇಂಟೆಲ್ ಮತ್ತು ಜೊತೆಗಾರರು ಈ ತಂತ್ರಜ್ಞಾನಕ್ಕೆ ರಾಯಲ್ಟಿ ಕೇಳಲಿಲ್ಲ. ಮೌಸ್ ಮಾಡುವ ತೈವಾನಿನ ಸಣ್ಣ ಕಂಪನಿ ಒಂದೊಂದು ಮೌಸಿಗೂ ಕಪ್ಪ ಕಟ್ಟಬೇಕಾಗಿ ಬಂದಿದ್ದರೆ ಅದು ಹಳೇ ಪೋರ್ಟಿನಲ್ಲೇ ಉಳಿದುಬಿಡುತ್ತಿತ್ತು. ಇದೇ ಕಾಲದ ಪ್ರತಿಸ್ಪರ್ಧಿ ಫೈರ್‌ವೈರ್ ಯುಎಸ್‌ಬಿಗಿಂತ ಎಷ್ಟೋ ವೇಗದ್ದು, ಆದರೆ ಅದಕ್ಕೆ ಲೈಸೆನ್ಸ್ ಫೀ ಇತ್ತು. ಇವತ್ತು ನಿಮ್ಮ ಮನೆಯಲ್ಲಿ ಫೈರ್‌ವೈರ್ ಐತೇನು? ಹಂಗಂತ ಇದನ್ನ ದಾನಧರ್ಮ ಅಂದುಕೊಳ್ಳಬೇಡ್ರಿ. ಪೋರ್ಟು ಪುಕ್ಕಟೆ ಹಂಚಿದರೆ ಕಂಪ್ಯೂಟರ್ ಹೆಚ್ಚು ಮಾರಾಟವಾಗ್ತದೆ, ಕಂಪ್ಯೂಟರ್ ಮಾರಾಟವಾದರೆ ಇಂಟೆಲ್ ಚಿಪ್ ಮಾರಾಟವಾಗ್ತದೆ.

ಮೊದಲ ಆವೃತ್ತಿ, ಯುಎಸ್‌ಬಿ 1.0, ಬಂದದ್ದು 1996ರ ಜನವರಿಯಲ್ಲಿ. ಎರಡು ವೇಗ ಇದ್ದವು: ಸೆಕೆಂಡಿಗೆ 1.5 ಮೆಗಾಬಿಟ್ ಮತ್ತು 12 ಮೆಗಾಬಿಟ್. ಕಡಿಮೆ ವೇಗ ಕೀಬೋರ್ಡ್, ಮೌಸಿಗೆ, ಯಾಕಂದ್ರೆ ಅವಕ್ಕೆ ಅಗ್ಗದ ಕೇಬಲ್ ಸಾಕು. ಶುರುವಿನಿಂದಲೇ ಒಂದೇ ಪೋರ್ಟಿನಲ್ಲಿ ಎರಡು ವೇಗ ಇದ್ದವು ಅನ್ನೋದನ್ನ ಗಮನಿಸ್ರಿ. ಗೊಂದಲದ ಬೀಜ ಅಲ್ಲೇ ಬಿದ್ದಿತ್ತು.

ಎರಡು ವರ್ಷ ಅದನ್ನು ಯಾರೂ ಕಣ್ಣೆತ್ತಿ ನೋಡಲಿಲ್ಲ. ಕಂಪ್ಯೂಟರಿಗೆ ಪೋರ್ಟು ಇತ್ತು, ಹಾಕೋಕೆ ಸಾಧನ ಇರಲಿಲ್ಲ. ವಿಂಡೋಸ್ 95ಕ್ಕೆ ಅದರ ಪರಿಚಯ ಅಷ್ಟಕ್ಕಷ್ಟೇ. ಆಮೇಲೆ 1998ರ ಏಪ್ರಿಲ್‌ನಲ್ಲಿ ಶಿಕಾಗೊದ ಕಾಮ್‌ಡೆಕ್ಸ್ ಮೇಳದಲ್ಲಿ ನಡೆದ ಪ್ರಸಂಗ ನೀವು ಯೂಟ್ಯೂಬಿನಲ್ಲಿ ನೋಡಿರಬಹುದು. ಬಿಲ್ ಗೇಟ್ಸ್ ಪಕ್ಕದಲ್ಲೇ ನಿಂತಿದ್ದಾರೆ, ಅವರ ಸಹೋದ್ಯೋಗಿ ವಿಂಡೋಸ್ 98 ಎಷ್ಟು ಸಲೀಸು ಅಂತ ತೋರಿಸೋಕೆ ಒಂದು ಸ್ಕ್ಯಾನರನ್ನು ಯುಎಸ್‌ಬಿಗೆ ಸಿಕ್ಕಿಸುತ್ತಾರೆ, ಪರದೆ ಪೂರ್ತಿ ನೀಲಿ. ಕಂಪ್ಯೂಟರ್ ಢಮಾರ್. ಸಭೆಯೆಲ್ಲ ನಗು. ಗೇಟ್ಸ್ ಕೂಡ ನಕ್ಕು, ಇದಕ್ಕೇ ಇನ್ನೂ ಮಾರಾಟಕ್ಕೆ ಬಿಟ್ಟಿಲ್ಲ ಅನ್ನೋ ಅರ್ಥದ ಮಾತಾಡಿ ಪಾರಾದರು.

ಅದೇ ವರ್ಷ ಆಗಸ್ಟಿನಲ್ಲಿ ಆ್ಯಪಲ್ ಐಮ್ಯಾಕ್ ಬಂತು. ಸ್ಟೀವ್ ಜಾಬ್ಸ್ ಹಳೇ ಪೋರ್ಟುಗಳನ್ನೆಲ್ಲ ಕಿತ್ತುಹಾಕಿ, ಕೀಬೋರ್ಡು, ಮೌಸು, ಪ್ರಿಂಟರು ಏನೇ ಇದ್ದರೂ ಯುಎಸ್‌ಬಿನೇ ಅಂದುಬಿಟ್ಟರು. ಬೇರೆ ದಾರಿ ಇಲ್ಲದೆ ಸಾಧನ ಮಾಡುವವರು ಯುಎಸ್‌ಬಿಗೆ ಬಂದರು. ಇಂಟೆಲ್ ಹೆತ್ತ ಮಗುವನ್ನು ಬೆಳೆಸಿದ್ದು ಆ್ಯಪಲ್ ಅನ್ನಬಹುದು. ಈಗ ಅವರ ಫೋನಿನ ಕತೆ ಕೇಳಿದರೆ ಇದು ತಮಾಷೆ ಅನಿಸ್ತದೆ, ಅದಕ್ಕೆ ಆಮೇಲೆ ಬರ್ತೀನಿ.

ಎರಡನೇ ಆವೃತ್ತಿ 2000ದ ಏಪ್ರಿಲ್‌ನಲ್ಲಿ ಬಂತು, ವೇಗ 480 ಮೆಗಾಬಿಟ್. ಒಂದೇ ಏಟಿಗೆ ನಲವತ್ತು ಪಟ್ಟು! ಪೋರ್ಟಿನ ಆಕಾರ ಅದೇ, ನಾಲ್ಕು ಪಿನ್ ಅವೇ. ಹಳೇ ಮೌಸು ಹೊಸ ಪೋರ್ಟಿನಲ್ಲೂ ನಡೀತದೆ, ಹೊಸ ಪ್ರಿಂಟರು ಹಳೇ ಪೋರ್ಟಿನಲ್ಲೂ ಕುಂಟುತ್ತಾ ನಡೀತದೆ.

ಇದನ್ನು ನಮ್ಮ ಕಡೆಯವರಿಗೆ ವಿವರಿಸೋಕೆ ನನ್ನ ಹತ್ತಿರ ಒಂದು ಉದಾಹರಣೆ ಐತಿ. ಈಗ ರಬಕವಿ-ಬನಹಟ್ಟಿ ಅಂತ ಒಂದೇ ಉಸಿರಿನಲ್ಲಿ ಹೇಳ್ತೀವಿ. ಒಂದೇ ನಗರಸಭೆ, ಒಂದೇ ತಾಲ್ಲೂಕು. ಆದರೆ ಬ್ರಿಟಿಷರ ಕಾಲದಲ್ಲಿ ಬನಹಟ್ಟಿ ಜಮಖಂಡಿಯ ಪಟವರ್ಧನರ ಸಂಸ್ಥಾನಕ್ಕೆ ಸೇರಿತ್ತು, ಅದಕ್ಕೆ ಅಂಟಿಕೊಂಡೇ ಇರುವ ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. ಈ ಕಡೆ ಮುಧೋಳದಲ್ಲಿ ಘೋರ್ಪಡೆಯವರು, ಆ ಕಡೆ ಬೀಳಗಿ ನೇರವಾಗಿ ಬ್ರಿಟಿಷರ ವಿಜಾಪುರ ಜಿಲ್ಲೆ. ಹೊರಗಿಂದ ಬಂದವನಿಗೆ ಅದೇ ಕನ್ನಡ, ಅದೇ ರೊಟ್ಟಿ, ಅದೇ ಮಗ್ಗದ ಸಪ್ಪಳ. ಒಳಗೆ ಆಡಳಿತ ಬೇರೆ ಬೇರೆ. 1948ರಲ್ಲಿ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವ ತನಕ ಹೀಗೇ ನಡೀತು. ಯುಎಸ್‌ಬಿ ಪೋರ್ಟಿನ ಸ್ಥಿತಿಯೂ ಇಂಥದ್ದೇ: ಬಾಗಿಲು ನೋಡಿ ಒಳಗೆ ಯಾರ ಸರ್ಕಾರ ಅಂತ ಹೇಳೋಕೆ ಬರೋದಿಲ್ಲ. ವ್ಯತ್ಯಾಸ ಇಷ್ಟೇ, ಇಲ್ಲಿ ವಿಲೀನ ಇನ್ನೂ ಆಗಿಲ್ಲ.

ಇದೇ ಹೊತ್ತಿಗೆ ನಮ್ಮ ರಾಜ್ಯದಲ್ಲೂ ಒಂದು ದೊಡ್ಡ ಪ್ರಯತ್ನ ನಡೆಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರುಗಳು ಸೇರಿ 2001ರಲ್ಲಿ ಸಿಂಪ್ಯೂಟರ್ ಅನ್ನುವ ಕೈಯಲ್ಲಿ ಹಿಡಿಯುವ ಕಂಪ್ಯೂಟರ್ ತೋರಿಸಿದರು. ಸ್ಮಾರ್ಟ್‌ಫೋನ್ ಅನ್ನೋದು ನಮ್ಮ ಕಿವಿಗೆ ಬೀಳುವ ಎಷ್ಟೋ ವರ್ಷ ಮೊದಲು. ಹಳ್ಳಿಯ ಜನ ತಮ್ಮ ಭಾಷೆಯಲ್ಲೇ ಬಳಸಬೇಕು, ಒಂದೇ ಯಂತ್ರವನ್ನು ಸ್ಮಾರ್ಟ್ ಕಾರ್ಡ್ ಹಾಕಿ ಹತ್ತು ಮಂದಿ ಹಂಚಿಕೊಳ್ಳಬೇಕು ಅನ್ನೋದು ಕಲ್ಪನೆ. ಸ್ಮಾರ್ಟ್ ಕಾರ್ಡಿನ ಜೊತೆಗೆ ಯುಎಸ್‌ಬಿ ಪೋರ್ಟೂ ಅದರಲ್ಲಿತ್ತು. ಅದರ ಒಂದು ರೂಪವನ್ನು ಪಿಕೊಪೆಟಾ ಮತ್ತು ಬಿಇಎಲ್ ಸೇರಿ 2004ರಲ್ಲಿ ಅಮಿಡಾ ಹೆಸರಿನಲ್ಲಿ ಮಾರುಕಟ್ಟೆಗೆ ತಂದವು. ನಿರೀಕ್ಷಿಸಿದಷ್ಟು ಮಾರಾಟ ಆಗಲಿಲ್ಲ. ಅದರ ಕತೆಗೆ ಬೇರೆ ಎಪಿಸೋಡೇ ಬೇಕು.

ನಮ್ಮ ಊರುಗಳಿಗೆ ಯುಎಸ್‌ಬಿಯನ್ನು ತಂದದ್ದು ಪ್ರಿಂಟರೂ ಅಲ್ಲ, ಮೌಸೂ ಅಲ್ಲ. ಪೆನ್‌ಡ್ರೈವ್. 2000ದಲ್ಲಿ ಸಿಂಗಪುರದ ಟ್ರೆಕ್ ಕಂಪನಿ ಥಂಬ್‌ಡ್ರೈವ್ ತಂತು. ಇಸ್ರೇಲಿನ ಎಂ-ಸಿಸ್ಟಮ್ಸ್ ಮಾಡಿದ ಡಿಸ್ಕ್‌ಆನ್‌ಕೀಯನ್ನು ಅದೇ ವರ್ಷದ ಕೊನೆಗೆ ಐಬಿಎಂ ಅಮೆರಿಕದಲ್ಲಿ ಮಾರಿತು. ಅದರ ಸಾಮರ್ಥ್ಯ 8 ಎಂಬಿ. ಐದು ಫ್ಲಾಪಿಗಿಂತ ಜಾಸ್ತಿ ಅಂತ ಆಗ ಜನ ಬಾಯಿ ಬಿಟ್ಟು ನೋಡಿದರು. ಇವತ್ತಿನ ಲೆಕ್ಕದಲ್ಲಿ ಒಂದೂವರೆ ಡಿಜೆ ಹಾಡು.

ಆಮೇಲೆ ಏನಾಯಿತು ಅಂತ ನಿಮಗೇ ಗೊತ್ತು. ಬಸ್ ಸ್ಟ್ಯಾಂಡಿನ ಎದುರಿನ ಮೊಬೈಲ್ ಅಂಗಡಿಯಲ್ಲಿ ಹಾಡು ಹಾಕಿಸೋದು ಒಂದು ಧಂದೆನೇ ಆಯಿತು. ಜಾನಪದ, ಭಜನಿಪದ, ಹೊಸ ಸಿನಿಮಾ, ಎಲ್ಲಾ ಒಂದೇ ಪೆನ್‌ಡ್ರೈವಿನಲ್ಲಿ. ಎರಡು ಟ್ರೇಲರ್ ಕಬ್ಬು ಹೇರಿಕೊಂಡು ರಾತ್ರಿ ಹೋಗುವ ಟ್ರ್ಯಾಕ್ಟರಿನಲ್ಲಿ ಚಾಲಕ ನಿದ್ದೆ ಹೋಗದಂತೆ ಕಾಯುವುದು ಆ ಪೆನ್‌ಡ್ರೈವಿನ ಹಾಡೇ. ಟ್ರ್ಯಾಕ್ಟರ್ ಟೇಪಿಗೆ 64 ಜಿಬಿ ಪೆನ್‌ಡ್ರೈವ್ ಹಾಕಿದರೆ ಹಾಡೋದಿಲ್ಲ, 16 ಜಿಬಿ ಹಾಕಿದರೆ ಹಾಡ್ತದೆ ಅಂತ ಬಹಳ ಜನ ಕೇಳ್ತಾರೆ. ಅದು ಯುಎಸ್‌ಬಿ ಆವೃತ್ತಿಯ ತಕರಾರಲ್ಲ, ಫಾರ್ಮ್ಯಾಟಿನದು. ಆ ಟೇಪುಗಳು ಹೆಚ್ಚಾಗಿ ಫ್ಯಾಟ್32 ಅನ್ನುವ ಹಳೇ ಪದ್ಧತಿಯನ್ನು ಮಾತ್ರ ಓದುತ್ತವೆ. 32 ಜಿಬಿಗಿಂತ ದೊಡ್ಡ ಪೆನ್‌ಡ್ರೈವುಗಳು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್‌ನಲ್ಲಿ ಬರುತ್ತವೆ. ಅದಕ್ಕೆ ಪೋರ್ಟನ್ನ ಬೈಯಬೇಡ್ರಿ.

ಈಗ ಬೀಳಗಿಯ ಹುಡುಗನ ಪ್ರಶ್ನೆಗೆ ಬರೋಣ. ಯುಎಸ್‌ಬಿ 3.0 ಬಂದದ್ದು 2008ರ ನವೆಂಬರಿನಲ್ಲಿ, ವೇಗ 5 ಗಿಗಾಬಿಟ್. ಇಲ್ಲಿ ಎಂಜಿನಿಯರುಗಳು ಒಂದು ಚಂದದ ಉಪಾಯ ಮಾಡಿದರು. ಹಳೇ ನಾಲ್ಕು ಪಿನ್ ಹಾಗೇ ಬಿಟ್ಟು, ಅದರ ಹಿಂದೆ ಒಳಗಡೆ ಹೊಸ ಐದು ಪಿನ್ ಸೇರಿಸಿದರು. ಒಟ್ಟು ಒಂಬತ್ತು. ಹಳೇ ಸಾಧನ ಹಾಕಿದರೆ ಮುಂದಿನ ನಾಲ್ಕೇ ತಾಗುತ್ತವೆ, ಹೊಸದು ಹಾಕಿದರೆ ಒಂಬತ್ತೂ ತಾಗುತ್ತವೆ. ಅಂದರೆ ಒಂದು 3.0 ಪೋರ್ಟಿನೊಳಗೆ ಎರಡು ಪೋರ್ಟು ಕೂಡಿ ಸಂಸಾರ ಮಾಡ್ತಿವೆ. ಮೊಬೈಲ್ ಟಾರ್ಚ್ ಹಾಕಿ ಪೋರ್ಟಿನೊಳಗೆ ಬಗ್ಗಿ ನೋಡ್ರಿ, ನಾಲ್ಕು ಚಿನ್ನದ ಬಣ್ಣದ ಪಟ್ಟಿಯ ಜೊತೆಗೆ ಇನ್ನೂ ಐದು ಚಿಕ್ಕವು ಕಂಡರೆ ಅದು 3.0 ಜಾತಿಯದ್ದು. ಬಣ್ಣಕ್ಕಿಂತ ಇದು ನಂಬಿಕಸ್ತ ಗುರುತು.

ಬಣ್ಣ ಅಂದೆ. ಒಳಗಿನ ಪ್ಲಾಸ್ಟಿಕ್ ನೀಲಿ ಇದ್ದರೆ 3.0, ಕರಿ ಅಥವಾ ಬಿಳಿ ಇದ್ದರೆ 2.0 ಅಂತ ಎಲ್ಲಾರೂ ಹೇಳ್ತಾರೆ. ಅದು ಶಿಫಾರಸು ಅಷ್ಟೇ, ಕಡ್ಡಾಯ ಅಲ್ಲ. ಎಷ್ಟೋ ಒಳ್ಳೇ ಲ್ಯಾಪ್‌ಟಾಪುಗಳಲ್ಲಿ 3.0 ಪೋರ್ಟು ಕರಿ ಬಣ್ಣದ್ದೇ ಇರ್ತದೆ, ಪಕ್ಕದಲ್ಲಿ ಇಂಗ್ಲಿಷಿನ ಎಸ್‌ಎಸ್ ಅಕ್ಷರದ ಚಿಹ್ನೆ ಇರ್ತದೆ. ಸೂಪರ್‌ಸ್ಪೀಡ್ ಅನ್ನೋದರ ಗುರುತು ಅದು. ಇದಕ್ಕೆ ಉಲ್ಟಾನೂ ಆಗ್ತದೆ. ಡೆಸ್ಕ್‌ಟಾಪ್ ಕ್ಯಾಬಿನೆಟ್ಟಿನ ಮುಂದೆ ನೀಲಿ ಪೋರ್ಟು ಇರ್ತದೆ. ಅದರ ವೈರು ಒಳಗೆ ಮದರ್‌ಬೋರ್ಡಿನ 3.0 ಕನೆಕ್ಟರಿಗೆ ಹೋಗಿರಬೇಕು. ಬೋರ್ಡಿನಲ್ಲಿ ಅದು ಇಲ್ಲದಿದ್ದರೆ ಅಡಾಪ್ಟರ್ ಹಾಕಿ 2.0 ಕನೆಕ್ಟರಿಗೆ ಜೋಡಿಸಿರ್ತಾರೆ. ಹೊರಗೆ ನೀಲಿ, ಒಳಗೆ ಹಳೇ ವೇಗ. ಮಾರುವವನು ಸುಳ್ಳು ಹೇಳಿದ ಅಂತಲೇ ಅಲ್ಲ, ಅವನಿಗೂ ಗೊತ್ತಿರೋದಿಲ್ಲ.

ಸೆಕೆಂಡ್ ಹ್ಯಾಂಡ್ ಡೆಸ್ಕ್‌ಟಾಪಿನಲ್ಲಿ ಕೇಳಬೇಕಾದ ನಿಜವಾದ ಪ್ರಶ್ನೆ ಬೋರ್ಡು ಯಾವುದು ಅನ್ನೋದು. ಇಂಟೆಲ್ ತನ್ನ ಚಿಪ್‌ಸೆಟ್ಟಿನೊಳಗೇ 3.0 ಕೊಟ್ಟದ್ದು 2012ರ 7 ಸರಣಿಯಿಂದ. ಬಿ75, ಎಚ್77 ಅಂತ ಹೆಸರು ನೋಡಿರಬಹುದು. ಅದಕ್ಕಿಂತ ಹಿಂದಿನ ಎಚ್61 ಬೋರ್ಡಿನ ಚಿಪ್‌ಸೆಟ್ಟಿನಲ್ಲಿ 3.0 ಇಲ್ಲ, ಕಂಪನಿಯವರು ಬೇರೆ ಚಿಪ್ ಹಚ್ಚಿದ್ದರೆ ಮಾತ್ರ ಸಿಗ್ತದೆ. ನಮ್ಮ ಕಡೆಯ ಹಳೇ ಕಂಪ್ಯೂಟರ್ ಬಾಜಾರಿನಲ್ಲಿ ಎಚ್61 ಎಷ್ಟು ಸಾಮಾನ್ಯ ಅಂದರೆ, ಐ3, ಐ5 ಅಂತ ಪ್ರೊಸೆಸರ್ ಹೆಸರು ಹೇಳಿ ಕೊಡುವ ಪೆಟ್ಟಿಗೆ ಬಿಚ್ಚಿದರೆ ಬಹಳ ಸಲ ಅದೇ ಬೋರ್ಡು ಸಿಗ್ತದೆ.

ಪೆಟ್ಟಿಗೆ ಬಿಚ್ಚದೆ ನೋಡಬೇಕಾ? ವಿಂಡೋಸಿನ ಡಿವೈಸ್ ಮ್ಯಾನೇಜರ್ ತೆಗೀರಿ, ಕೊನೆಯಲ್ಲಿ ಯುನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್ ಅಂತ ಇರ್ತದೆ. ಅದರಲ್ಲಿ ಎಕ್ಸ್‌ಟೆನ್ಸಿಬಲ್ ಅನ್ನೋ ಪದ ಇದ್ದರೆ ಕಂಪ್ಯೂಟರಿನಲ್ಲಿ 3.0 ಉಂಟು. ಬರೀ ಎನ್‌ಹ್ಯಾನ್ಸ್ಡ್ ಅಂತ ಇದ್ದರೆ 2.0ಕ್ಕೆ ಮುಗೀತು. ಆದರೆ ಇಲ್ಲೂ ಒಂದು ಕೊಕ್ಕೆ ಐತಿ. ಈ ಪಟ್ಟಿ ಕಂಪ್ಯೂಟರಿನ ಬಗ್ಗೆ ಹೇಳ್ತದೆಯೇ ಹೊರತು ನೀವು ಸಿಕ್ಕಿಸಿದ ಆ ಒಂದು ಪೋರ್ಟಿನ ಬಗ್ಗೆ ಅಲ್ಲ. 2015ರಲ್ಲಿ ಬಂದ ಇಂಟೆಲ್ ಸ್ಕೈಲೇಕ್ ಪೀಳಿಗೆಯಲ್ಲಿ ಹಳೇ ಎನ್‌ಹ್ಯಾನ್ಸ್ಡ್ ಕಂಟ್ರೋಲರನ್ನೇ ತೆಗೆದುಹಾಕಿದರು, ಹೊಸದೊಂದೇ ಎಲ್ಲಾ ಪೋರ್ಟನ್ನೂ ನೋಡಿಕೊಳ್ಳುತ್ತದೆ. ಆವಾಗ ಹೊಸ ಕಂಪ್ಯೂಟರಿಗೆ ವಿಂಡೋಸ್ 7 ಹಾಕೋಕೆ ಹೋದವರ ಕೀಬೋರ್ಡು, ಮೌಸು ಇನ್‌ಸ್ಟಾಲ್ ನಡುವೆಯೇ ಸತ್ತುಹೋಗುತ್ತಿದ್ದವು, ಯಾಕಂದ್ರೆ ವಿಂಡೋಸ್ 7ರ ಡಿಸ್ಕಿಗೆ ಹೊಸ ಕಂಟ್ರೋಲರಿನ ಭಾಷೆ ಬರುತ್ತಿರಲಿಲ್ಲ. ಹಾಗಾಗಿ ಹೊಸ ಕಂಪ್ಯೂಟರಿನಲ್ಲಿ ಎಕ್ಸ್‌ಟೆನ್ಸಿಬಲ್ ಅಂತ ಕಂಡರೂ ಒಂದೆರಡು ಪೋರ್ಟು 2.0 ಆಗಿರಬಹುದು.

ಕೊನೆಯ ಪರೀಕ್ಷೆ ಗಡಿಯಾರದ್ದು. ಡಬ್ಬಿಯ ಮೇಲೆ ಬರೆಯೋದು ಬಿಟ್, ನಮ್ಮ ಫೈಲಿನ ಲೆಕ್ಕ ಬೈಟ್, ಎಂಟರಿಂದ ಭಾಗಿಸಬೇಕು. ಕ್ವಿಂಟಲ್‌ನಲ್ಲಿ ರೇಟ್ ಹೇಳಿ ಕಿಲೊದಲ್ಲಿ ತೂಗಿದಂಗೆ. 480 ಮೆಗಾಬಿಟ್ ಅಂದರೆ ಕಾಗದದ ಮೇಲೆ 60 ಮೆಗಾಬೈಟ್, ಕೈಗೆ ಸಿಗೋದು 35ರಿಂದ 40. ಆ ಹುಡುಗನ 64 ಜಿಬಿಯನ್ನು 35ರಿಂದ ಭಾಗಿಸಿ ನೋಡ್ರಿ: ಹತ್ತತ್ರ 1,830 ಸೆಕೆಂಡು. ಬರೋಬ್ಬರಿ ಅರ್ಧ ತಾಸು! ಅವನ ದೂರಿನಲ್ಲೇ ಉತ್ತರ ಇತ್ತು. ಅವನ ಹಾರ್ಡ್ ಡಿಸ್ಕು 2.0 ವೇಗದಲ್ಲಿ ಓಡ್ತಿದೆ. ತಿರುಗುವ ಸಾಮಾನ್ಯ ಪೋರ್ಟಬಲ್ ಡಿಸ್ಕು 3.0 ಪೋರ್ಟಿನಲ್ಲಿ ಸೆಕೆಂಡಿಗೆ ನೂರು ಮೆಗಾಬೈಟಿನ ಆಸುಪಾಸು ಕೊಡ್ತದೆ, ಅದೇ ಕೆಲಸ ಹತ್ತು ನಿಮಿಷಕ್ಕೆ ಮುಗೀತದೆ. ಮೊದಲ ಆವೃತ್ತಿಯ 12 ಮೆಗಾಬಿಟ್ ಪೋರ್ಟಿನಲ್ಲಾಗಿದ್ದರೆ ಹದಿನೇಳು, ಹದಿನೆಂಟು ತಾಸು. ಮದುಮಕ್ಕಳು ಗಂಡನ ಮನೆಯಿಂದ ತವರಿಗೆ ಹೋಗಿ ಬರ್ತಿದ್ದರು.

ಆದರೆ ಡಿಸ್ಕು 2.0 ವೇಗದಲ್ಲಿ ಓಡಿದ ಮಾತ್ರಕ್ಕೆ ಪೋರ್ಟೇ 2.0 ಅಂತ ತೀರ್ಮಾನಿಸೋಕೆ ಆಗೋದಿಲ್ಲ. ನಾನು ಅವನಿಗೆ ಮೊದಲು ಕೇಬಲ್ಲಿನ ಫೋಟೊ ಕಳಿಸು ಅಂದೆ. 3.0 ಹಾರ್ಡ್ ಡಿಸ್ಕಿನ ಬಾಯಿ ಅಗಲ, ಎರಡು ಭಾಗ ಇದ್ದಂಗೆ ಇರ್ತದಲ್ಲ, ಅದರ ಒಂದು ಭಾಗಕ್ಕೆ ಹಳೇ ಮೊಬೈಲ್ ಚಾರ್ಜರಿನ ಸಣ್ಣ ಮೈಕ್ರೊ ಪಿನ್ ಕೂಡ ಸರಿಯಾಗಿ ಕೂತುಬಿಡ್ತದೆ. ಡಿಸ್ಕು ನಡೀತದೆ, 2.0 ವೇಗದಲ್ಲಿ. ಅವನು ಅದನ್ನೇ ಹಾಕಿದ್ದ, ಮೂಲ ಕೇಬಲ್ ಇಲಿ ಕಡಿದಿತ್ತಂತೆ. ಬೋರ್ಡೂ ನೋಡಿಸಿದೆ: ಎಚ್61, ಬೇರೆ ಚಿಪ್ ಇಲ್ಲ, ಮುಂದಿನ ನೀಲಿ ಪೋರ್ಟು ಅಡಾಪ್ಟರಿನದು. ಎರಡೂ ಕಡೆಯಿಂದ ಹೊಡೆತ. ಹೊಸ ಡಿಸ್ಕು ಬೇಡ, ಒಂದು ಪಿಸಿಐ ಎಕ್ಸ್‌ಪ್ರೆಸ್ 3.0 ಕಾರ್ಡು, ಒಂದು ಸರಿಯಾದ ಕೇಬಲ್ಲು ತಗೋ, ಎಂಟು ಸಾವಿರದಲ್ಲಿ ದೊಡ್ಡ ಪಾಲು ಉಳೀತದೆ ಅಂದೆ. ಇನ್ನೊಂದು ಮಾತು: 3.0 ಸಾಧನವನ್ನು ಬಹಳ ನಿಧಾನ ಸಿಕ್ಕಿಸಬೇಡ್ರಿ. ಮುಂದಿನ ನಾಲ್ಕು ಪಿನ್ ಮೊದಲು ತಾಗಿ, ಕಂಪ್ಯೂಟರು ಇದು 2.0 ಅಂತ ತಿಳಿದುಬಿಡೋದುಂಟು. ತೆಗೆದು ಗಟ್ಟಿಯಾಗಿ ಹಾಕಿದರೆ ಸರಿಹೋಗ್ತದೆ.

ಎಲ್ಲಾದಕ್ಕೂ ನೀಲಿ ಪೋರ್ಟೇ ಬೇಕು ಅನ್ನೋದೂ ಸುಳ್ಳು. ಕಾಟಾದ ತೂಕ, ರೇಷನ್ ಅಂಗಡಿಯ ಬೆರಳಚ್ಚು ಯಂತ್ರ, ನಮ್ಮ ಸಿಎ ಆಫೀಸುಗಳ ಡಿಜಿಟಲ್ ಸಹಿಯ ಟೋಕನ್, ನಾನು ಈಗ ಮಾತಾಡ್ತಿರೋ ಈ ಮೈಕು, ಇವಕ್ಕೆಲ್ಲ ಕರಿ ಪೋರ್ಟು ಧಾರಾಳ. ವೈರ್‌ಲೆಸ್ ಮೌಸಿನ ಪುಟ್ಟ ಡಾಂಗಲ್ಲಿಗಂತೂ ಕರಿಯದೇ ವಾಸಿ. 3.0 ಪೋರ್ಟು, ಕೇಬಲ್ಲುಗಳು ಕೆಲಸ ಮಾಡುವಾಗ 2.4 ಗಿಗಾಹರ್ಟ್ಜ್ ಸುತ್ತ ರೇಡಿಯೊ ಗದ್ದಲ ಎಬ್ಬಿಸುತ್ತವೆ ಅಂತ ಇಂಟೆಲ್ಲೇ 2012ರಲ್ಲಿ ಒಂದು ಪತ್ರದಲ್ಲಿ ಬರೆದಿದೆ. ಮೌಸು ಮಾತಾಡೋದೂ ಅದೇ ತರಂಗದಲ್ಲಿ. ಹಾರ್ಡ್ ಡಿಸ್ಕ್ ಹಾಕಿದ ಕೂಡಲೇ ಮೌಸ್ ತಡವರಿಸ್ತದೆ ಅಂದರೆ ಡಾಂಗಲ್ಲನ್ನ ದೂರದ ಪೋರ್ಟಿಗೆ ಹಾಕಿ ನೋಡ್ರಿ.

ಇಲ್ಲಿಗೆ ನಿಂತಿದ್ದರೆ 1, 2, 3 ಅಂತ ಲೆಕ್ಕ ಸರಳ ಇತ್ತು. ಹೆಸರಿಡುವವರು ನಿಲ್ಲಲಿಲ್ಲ. 2013ರಲ್ಲಿ 10 ಗಿಗಾಬಿಟ್ಟಿನ 3.1 ಬಂದಾಗ ಹಳೇ 3.0ಕ್ಕೆ 3.1 ಜೆನ್ 1 ಅಂತ ಮರುನಾಮಕರಣ. 3.2 ಬಂದ ಮೇಲೆ ಅದೇ ಹಳೇದಕ್ಕೆ 3.2 ಜೆನ್ 1. ಅಂದರೆ 2008ರ ಸರಕು ಮೂರು ಹೆಸರಿನಲ್ಲಿ ಮಾರಾಟವಾಗ್ತದೆ, ಅದೇ 5 ಗಿಗಾಬಿಟ್. ಡಬ್ಬಿಯ ಮೇಲೆ 3.2 ಅಂತ ನೋಡಿ ಹೆಚ್ಚು ರೊಕ್ಕ ಕೊಟ್ಟವರು ಎಷ್ಟು ಜನರೋ. ನನ್ನ ಮಟ್ಟಿಗೆ ಇದು ತಾಂತ್ರಿಕ ಅಗತ್ಯ ಅಲ್ಲ, ಹಳೇ ಸ್ಟಾಕಿಗೆ ಹೊಸ ಲೇಬಲ್ ಹಚ್ಚುವ ಅಂಗಡಿ ಬುದ್ಧಿ. ಕೊನೆಗೆ 2022ರಲ್ಲಿ ಯುಎಸ್‌ಬಿ ಸಂಘಟನೆಯವರೇ ಸೂಪರ್‌ಸ್ಪೀಡ್ ಮೊದಲಾದ ಹೆಸರು ಬಿಟ್ಟು, ಗ್ರಾಹಕರಿಗೆ ಬರೀ ವೇಗದ ಅಂಕಿ ತೋರಿಸ್ರಿ ಅಂದರು: 5, 10, 20, 40 ಗಿಗಾಬಿಟ್. ಕೊಳ್ಳುವಾಗ ನೀವೂ ಆ ಅಂಕಿಯನ್ನೇ ಹುಡುಕ್ರಿ, ಆವೃತ್ತಿಯ ನಂಬರ್ ಬಿಡ್ರಿ.

ಟೈಪ್-ಸಿ ಇನ್ನೊಂದು ಪದರ. ಅದು 2014ರಲ್ಲಿ ಬಂದದ್ದು, ಎರಡೂ ಕಡೆಯಿಂದ ಹಾಕಬಹುದು. ಮೊದಲೇ ಯಾಕೆ ಹಂಗೆ ಮಾಡಲಿಲ್ಲ ಅಂತ ಕೇಳಿದ್ದಕ್ಕೆ ಅಜಯ್ ಭಟ್, ಆಗ ವೈರು, ಸರ್ಕೀಟು ಎರಡು ಪಟ್ಟು ಆಗಿ ವೆಚ್ಚ ಏರುತ್ತಿತ್ತು ಅಂದಿದ್ದಾರೆ. ಟೈಪ್-ಸಿ ಅನ್ನೋದು ಬಾಗಿಲಿನ ಆಕಾರದ ಹೆಸರು, ವೇಗದ ಹೆಸರಲ್ಲ. 2023ರ ಐಫೋನ್ 15ರಲ್ಲಿ ಟೈಪ್-ಸಿ ಐತಿ, ವೇಗ 480 ಮೆಗಾಬಿಟ್, ಅಂದರೆ 2000ದ ಯುಎಸ್‌ಬಿ 2.0. ಅದೇ ವರ್ಷದ 15 ಪ್ರೊದಲ್ಲಿ ಅದೇ ಆಕಾರ, 10 ಗಿಗಾಬಿಟ್. ನಮ್ಮ ನಿಮ್ಮ ಕೈಯಲ್ಲಿರುವ ಹದಿನೈದು ಸಾವಿರದ ಫೋನುಗಳಲ್ಲೂ ಬಹುತೇಕ 2.0ನೇ. ಯುರೋಪ್ ಒಕ್ಕೂಟ 2024ರ ಡಿಸೆಂಬರ್ 28ರಿಂದ ಫೋನುಗಳಿಗೆ ಟೈಪ್-ಸಿ ಕಡ್ಡಾಯ ಮಾಡಿತು. ಆ ಕಾನೂನು ಚಾರ್ಜರಿಗಾಗಿ ಬಂದದ್ದು. ಫೈಲ್ ಕಾಪಿಯ ವೇಗ ಕಂಪನಿಯ ಇಷ್ಟಕ್ಕೆ ಬಿಟ್ಟದ್ದು.

ಕೊನೆಗೆ ಬನಹಟ್ಟಿಯ ಮಗ್ಗದ ಮಾತು. ಸೀರೆಯ ಅಂಚು, ಸೆರಗಿನ ಡಿಸೈನನ್ನು ತೂತು ಹೊಡೆದ ರಟ್ಟಿನ ಕಾರ್ಡುಗಳ ಸರದಿಂದ ಮಗ್ಗಕ್ಕೆ ಹೇಳಿಕೊಡುವ ಜಕಾರ್ಡ್ ವಿಧಾನ 1804ರ ಫ್ರಾನ್ಸಿನದು. ತೂತು ಇದ್ದರೆ ಎಳೆ ಏಳಬೇಕು, ಇಲ್ಲದಿದ್ದರೆ ಇಲ್ಲ. ಆ ಕಾರ್ಡನ್ನೇ ನೋಡಿ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ತೂತಿನ ಕಾರ್ಡು ಬೇಕು ಅಂದ. 1890ರ ಅಮೆರಿಕದ ಜನಗಣತಿಯನ್ನು ಹರ್ಮನ್ ಹಾಲರಿತ್ ಎಣಿಸಿದ್ದು ತೂತಿನ ಕಾರ್ಡಿನಿಂದಲೇ. ತನಗೆ ಹೊಳೆದದ್ದು ರೈಲಿನ ಟಿಕೆಟ್ ನೋಡಿ ಅಂತ ಅವನು ಹೇಳಿಕೊಂಡಿದ್ದಾನೆ, ಇರಲಿ. ಅವನ ಕಂಪನಿ ಬೇರೆಯವುಗಳ ಜೊತೆ ಸೇರಿ 1924ರಲ್ಲಿ ಐಬಿಎಂ ಆಯಿತು. ಏಳು ಕಂಪನಿಗಳಲ್ಲಿ ಒಂದು. ಈಗಿನ ಎಲೆಕ್ಟ್ರಾನಿಕ್ ಜಕಾರ್ಡಿಗೆ ರಟ್ಟಿನ ಸರ ಬೇಕಿಲ್ಲ, ಡಿಸೈನ್ ಫೈಲು ಪೆನ್‌ಡ್ರೈವಿನಲ್ಲಿ ಹೋಗ್ತದೆ.

ಬನಹಟ್ಟಿಯಲ್ಲಿ ಕಂಪ್ಯೂಟರಿನಲ್ಲಿ ಸೀರೆ ಡಿಸೈನ್ ಮಾಡುವ ಹಿರಿಯರೊಬ್ಬರನ್ನು ಈ ಎಪಿಸೋಡಿಗಾಗಿ ಮಾತಾಡಿಸಿದೆ. ಕಾಕಾ, ನಿಮ್ಮ ಮಷಿನ್ನಿನ ಪೋರ್ಟು ಎಷ್ಟರದು ಅಂತ ಕೇಳಿದೆ. "ಅದೆಲ್ಲಾ ನಂಗ ಗೊತ್ತಿಲ್ಲಪಾ," ಅಂದು ಗಲ್ಲಾಪೆಟ್ಟಿಗೆ ತೆಗೆದು ದಾರ ಕಟ್ಟಿದ ಒಂದು ಪೆನ್‌ಡ್ರೈವ್ ತೋರಿಸಿದರು. 2 ಜಿಬಿಯದು, ಬಣ್ಣ ಹೋಗಿದೆ. "ಹೊಸಾವ ಹಾಕಿದ್ರ ಮಷಿನ್ ಓದೂದಿಲ್ಲ. ಇದೊಂದ ಓದತೈತಿ. ಮನ್ಯಾಗ ಹುಡುಗೂರ ಕೈಗೆ ಸಿಗಬಾರ್ದಂತ ರೊಕ್ಕದ ಜೋಡಿ ಇಡತೀನಿ."